ಮುಪ್ಪು ಮುಂದೂಡುವ ಪೂರಕ ಆಹಾರಗಳು: ಪರವಾನಗಿ ಬೇರೆ, ಪುರಾವೆ ಬೇರೆ

ಮುಪ್ಪನ್ನು ಮುಂದೂಡುವುದಾಗಿ ಹೇಳಿಕೊಳ್ಳುವ ಮಾತ್ರೆ, ಪುಡಿ ಹಾಗೂ ಕ್ಯಾಪ್ಸೂಲ್‌ಗಳ ಮೇಲೆ ಮುದ್ರಿತವಾಗಿರುವ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಗ್ರಾಹಕರು ಸರ್ಕಾರದ ಶಿಫಾರಸೆಂದು ಭಾವಿಸುವುದುಂಟು. ಸದರಿ ಸಂಖ್ಯೆಯು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ವಹಿವಾಟು ನಡೆಸಲು ಪಡೆದ ಅನುಮತಿಯನ್ನು ಮಾತ್ರ ಸೂಚಿಸುತ್ತದೆ. ಉತ್ಪನ್ನವು ಮುಪ್ಪನ್ನು ತಡೆಯುತ್ತದೆ ಎಂಬುದಕ್ಕೆ ಅದು ಪ್ರಮಾಣಪತ್ರವಲ್ಲ.

ಎನ್‌ಎಂಎನ್ ಎಂಬ ವಸ್ತುವಿನ ಪ್ರಕರಣವು ಇದಕ್ಕೆ ನಿದರ್ಶನವಾಗಿದೆ. ಇದನ್ನು ಪೂರಕ ಆಹಾರವಾಗಿ ಮಾರುವಂತಿಲ್ಲವೆಂದು 2022ರಲ್ಲಿ ತಿಳಿಸಿದ್ದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಸೆಪ್ಟೆಂಬರ್‌ನಲ್ಲಿ ತನ್ನ ನಿಲುವನ್ನು ಬದಲಿಸಿತು. ಔಷಧವಾಗಿ ಸಂಶೋಧನೆಗೆ ಒಳಪಡುವ ಮುನ್ನವೇ ಅದು ಪೂರಕವಾಗಿ ಮಾರಾಟದಲ್ಲಿತ್ತೇ ಎಂಬ ಕಾನೂನಿನ ಪ್ರಶ್ನೆಯಷ್ಟೇ ಅಲ್ಲಿ ತೀರ್ಮಾನವಾಯಿತು. ಮುಪ್ಪು ತಡೆಯುವುದೇ ಎಂಬ ಪ್ರಶ್ನೆ ತೀರ್ಮಾನಕ್ಕೆ ಬರಲೇ ಇಲ್ಲ. ಮಧುಮೇಹದ ಅಂಚಿನಲ್ಲಿದ್ದ 25 ಮಹಿಳೆಯರ ಮೇಲೆ 10 ವಾರ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ನಾಯುಗಳು ಇನ್ಸುಲಿನ್‌ಗೆ ಸ್ಪಂದಿಸುವ ಗುಣ ಸುಧಾರಿಸಿತ್ತು. ಅದರಿಂದ ಆಯುಷ್ಯ ಹೆಚ್ಚುವುದೆಂಬ ತೀರ್ಮಾನಕ್ಕೆ ಬಹುದೂರವಿದೆ.

ಲಾಭವಾಗದಿದ್ದರೂ ನಷ್ಟವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ನಷ್ಟವು ಹಣಕ್ಕೆ ಸೀಮಿತವಾಗಿಲ್ಲ. ಫಿನ್ಲೆಂಡಿನಲ್ಲಿ 29,133 ಪುರುಷ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ಷಣೆ ನೀಡಬಹುದೆಂದು ನಿರೀಕ್ಷಿಸಿದ್ದ ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಕೂದಲು ಮತ್ತು ಚರ್ಮಕ್ಕೆಂದು ಮಾರುವ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿ ದೇಹದಲ್ಲಿದ್ದಾಗ, ಹೃದಯಾಘಾತವನ್ನು ಗುರುತಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಕೆಲವು ಸಂದರ್ಭಗಳಲ್ಲಿ ತಪ್ಪಾಗಿ ಕಡಿಮೆ ಫಲಿತಾಂಶ ತೋರಿಸುತ್ತದೆ. ಇಂತಹ ಪರೀಕ್ಷೆಯ ನಂತರ ಒಂದು ಸಾವು ಸಂಭವಿಸಿದ ವರದಿಯೊಂದಿಗೆ ಅಮೆರಿಕದ ಮೇಲ್ಕಂಡ ಸಂಸ್ಥೆಯು 2017ರಲ್ಲಿ ಎಚ್ಚರಿಕೆ ನೀಡಿತ್ತು. ಆದುದರಿಂದ ಯಾವುದೇ ರಕ್ತಪರೀಕ್ಷೆಗೆ ಮುನ್ನ, ಸೇವಿಸುತ್ತಿರುವ ಪೂರಕಗಳ ಹೆಸರನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಕಾಯ್ದೆಯ ಕಲಂ 22ರಡಿ ಪೂರಕವೆಂದರೆ ಬಾಯಿಯ ಮೂಲಕ ಸೇವಿಸುವಂತಹದು ಮಾತ್ರ. ಚುಚ್ಚುಮದ್ದಿನ ರೂಪದಲ್ಲಿ ನೀಡುವುದು ಆಹಾರವೆಂದು ಪರಿಗಣಿತವಾಗುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಕಲಂ 53ರನ್ವಯ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಉತ್ಪನ್ನದ ಬಗ್ಗೆ ಸಂದೇಹವುಳ್ಳ ಗ್ರಾಹಕರು ಕಲಂ 40ರಡಿ ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಯ ವೇಳೆಯಲ್ಲೇ ಮಾರಾಟಗಾರರಿಗೆ ತಿಳಿಸಿರಬೇಕು. ಈ ಷರತ್ತು ಬಹುತೇಕರ ಗಮನಕ್ಕೆ ಬಂದಿರುವುದಿಲ್ಲ. ಉತ್ಪನ್ನವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ, ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಗ್ರಾಹಕರು ಅರ್ಹರಾಗಿರುತ್ತಾರೆ.