ಅಳಿಸಿಹಾಕಿದ ಗಡಿಯಾರ

ನಮ್ಮ ಊರಿನಂಥ ಊರುಗಳ ಫೋಟೋ ಸ್ಟುಡಿಯೋಗಳಲ್ಲಿ ಹಿಂದೆ ಗೂಟಕ್ಕೆ ಒಂದು ಕೋಟು ನೇತುಹಾಕಿರುತ್ತಿದ್ದರು. ಅದರ ಜೊತೆಗೆ ಒಂದು ಕೈಗಡಿಯಾರವೂ ಇರುತ್ತಿತ್ತು. ಮದುವೆ ಗೊತ್ತಾದ ಹುಡುಗ, ಹೊಸದಾಗಿ ಗಿರಣಿ ಸೇರಿದ ಕೆಲಸಗಾರ, ಅಂಗಡಿ ತೆರೆದ ಚಿಲ್ಲರೆ ವ್ಯಾಪಾರಿ, ಯಾರೇ ಬಂದರೂ ಆ ಕೋಟು ತೊಟ್ಟು, ಗಡಿಯಾರ ಕಾಣುವಂತೆ ಕೈಯನ್ನು ಮಂಡಿಯ ಮೇಲಿಟ್ಟು ಕೂರುತ್ತಿದ್ದರು. ಗಡಿಯಾರ ಸ್ಟುಡಿಯೋದವರದು, ನಿಜ. ಆದರೆ ನಾವೂ ಈ ಕಾಲದ ಮನುಷ್ಯರೇ, ನಮ್ಮನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂಬ ಆಸೆ ಕೂತವರದೇ ಆಗಿತ್ತು.

ಇದಕ್ಕೆ ತದ್ವಿರುದ್ಧವಾದ ಒಂದು ಫೋಟೋ ಇದೆ. ಅಮೆರಿಕದ ಮೂಲನಿವಾಸಿಗಳಾದ ಪೀಗನ್ ಬುಡಕಟ್ಟಿನ ತಂದೆ ಮಗ ಇಬ್ಬರು ತಮ್ಮ ಗುಡಾರದೊಳಗೆ ಕುಳಿತಿರುವ, ೧೯೧೦ನೆಯ ಇಸವಿಯ ಚಿತ್ರ. ತೆಗೆದವರು ಎಡ್ವರ್ಡ್ ಕರ್ಟಿಸ್. ಮೂಲ ನೆಗೆಟಿವಿನಲ್ಲಿ ಅವರಿಬ್ಬರ ನಡುವೆ ಒಂದು ಅಲಾರಂ ಗಡಿಯಾರವಿದೆ. ಪುಸ್ತಕದಲ್ಲಿ ಅಚ್ಚಾದ ಚಿತ್ರದಲ್ಲಿ ಅದಿಲ್ಲ. ಅದನ್ನು ತಿದ್ದಿ ಅಳಿಸಿದ್ದಾರೆ. ನಮ್ಮ ಬಡವನಿಗೆ ಇಲ್ಲದ ಗಡಿಯಾರವನ್ನು ಕಟ್ಟಿ ಕೂರಿಸಿದರು. ಅವರ ಬಳಿ ಇದ್ದ ಗಡಿಯಾರವನ್ನು ಕಿತ್ತುಕೊಂಡರು!

ಒಂದು ಗಡಿಯಾರಕ್ಕೆ ಇಷ್ಟು ಮಾತೇಕೆ ಎಂದು ಓದುಗರು ಕೇಳಬಹುದು. ಕರ್ಟಿಸ್ ಅವರು ಕೈಗೊಂಡ ಕೆಲಸ ಸಣ್ಣದಲ್ಲ. ೧೯೦೭ರಿಂದ ೧೯೩೦ರವರೆಗೆ ೨೦ ಸಂಪುಟಗಳು. ೮೦ಕ್ಕೂ ಹೆಚ್ಚು ಬುಡಕಟ್ಟುಗಳು. ಸುಮಾರು ೪೦,೦೦೦ ಫೋಟೋಗಳು. ಈ ಜನಾಂಗ ಅಳಿದುಹೋಗುತ್ತಿದೆ, ಅಳಿಯುವ ಮುನ್ನ ಚಿತ್ರ ಹಿಡಿದಿಡಬೇಕು ಎಂಬುದೇ ಆ ಕೆಲಸದ ಘೋಷಣೆ. ಆದರೆ ಅಳಿಯುತ್ತಿರುವವನ ಮನೆಯಲ್ಲಿ ಅಲಾರಂ ಗಡಿಯಾರ ಇದ್ದರೆ ಘೋಷಣೆಯೇ ಸುಳ್ಳಾಗುತ್ತದೆ. ನಾಳೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳಬೇಕು ಎಂದುಕೊಂಡವನು ಅಳಿಯುವ ಯೋಚನೆಯಲ್ಲಿ ಇಲ್ಲ. ಆದ್ದರಿಂದ ಗಡಿಯಾರ ಹೋಗಬೇಕಾಯಿತು.

ಈಗ ಹಣ ಯಾರದು ಎಂದು ಕೇಳೋಣ. ನಮ್ಮಂಥವರು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ೧೯೦೬ರಲ್ಲಿ ಕರ್ಟಿಸ್ ಅವರಿಗೆ ವರ್ಷಕ್ಕೆ ೧೫,೦೦೦ದಂತೆ ಐದು ವರ್ಷಕ್ಕೆ ೭೫,೦೦೦ ಡಾಲರು ಕೊಡಲು ಒಪ್ಪಿದವರು ಜೆ. ಪಿ. ಮಾರ್ಗನ್, ಅಮೆರಿಕದ ದೊಡ್ಡ ದೊಡ್ಡ ರೈಲ್ವೆ ಕಂಪನಿಗಳನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಬ್ಯಾಂಕಿನ ಧಣಿ. ಆ ದೇಶದ ಬಯಲುಸೀಮೆಗೆ ರೈಲು ಬಂದ ಮೇಲೆ ಬೇಟೆಗಾರರೂ ಚರ್ಮದ ವ್ಯಾಪಾರಿಗಳೂ ಬಂದರು. ಆ ಜನ ಬದುಕಿಗೆ ನೆಚ್ಚಿಕೊಂಡಿದ್ದ ಕಾಡೆಮ್ಮೆಗಳ ಹಿಂಡುಗಳು ನಾಶವಾದವು. ಕಸಿದವರ ಸಾಲಿನಿಂದಲೇ, ಕಸಿದುಕೊಂಡವರ ಕೊನೆಯ ನೆನಪಿಗೆಂದು ಚಂದಾ ಬಂತು.

ಮೊದಲನೆಯ ಸಂಪುಟಕ್ಕೆ ಮುನ್ನುಡಿ ಬರೆದವರು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್. ಬುಡಕಟ್ಟಿನ ಸಾಮೂಹಿಕ ಭೂಮಿಯನ್ನು ತುಂಡು ಮಾಡಿ ಹಂಚಿ, ಮಿಕ್ಕದ್ದನ್ನು ಹೊರಗಿನವರಿಗೆ ಬಿಟ್ಟುಕೊಡುವ ಕಾನೂನು ಅಲ್ಲಿ ೧೮೮೭ರಲ್ಲಿ ಬಂದಿತ್ತು. ಅದು ಬುಡಕಟ್ಟಿನ ಒಟ್ಟುಗೂಡಿದ ಬದುಕನ್ನು ಪುಡಿಗಟ್ಟುವ ದೊಡ್ಡ ಯಂತ್ರ ಎಂದು ಇದೇ ರೂಸ್‌ವೆಲ್ಟರು ೧೯೦೧ರಲ್ಲಿ ಮೆಚ್ಚಿಕೊಂಡಿದ್ದರು. ಮೂಲನಿವಾಸಿಗಳ ಕೈಯಲ್ಲಿ ೧೮೮೭ರಲ್ಲಿ ೧೩ ಕೋಟಿ ೮೦ ಲಕ್ಷ ಎಕರೆ ಇತ್ತು. ೧೯೩೪ರ ಹೊತ್ತಿಗೆ ಉಳಿದದ್ದು ೪ ಕೋಟಿ ೮೦ ಲಕ್ಷ. ಅವರ ಸೂರ್ಯನೃತ್ಯದಂಥ ಆಚರಣೆಗಳನ್ನು ೧೮೮೩ರಲ್ಲೇ ಸರ್ಕಾರ ಅಪರಾಧವೆಂದು ಸಾರಿತ್ತು. ಒಂದು ಕೈ ಕುಣಿತವನ್ನು ನಿಷೇಧಿಸುತ್ತದೆ, ಇನ್ನೊಂದು ಕೈ ಅಯ್ಯೋ ಕುಣಿತ ಮರೆಯಾಗುತ್ತಿದೆ ಎಂದು ಮುನ್ನುಡಿ ಬರೆಯುತ್ತದೆ. ಸಂಪ್ರದಾಯ ತಾನಾಗಿ ಮಾಸುತ್ತದೆಯೆ? ಮಳೆಗೆ ಬಟ್ಟೆಯ ಬಣ್ಣ ಹೋದ ಹಾಗೆ ಹೋಗುತ್ತದೆಯೆ? ಕಾಲದ ಮೇಲೆ ತಪ್ಪು ಹೊರಿಸುವುದು ಸುಲಭ. ಕಾಲ ಕೋರ್ಟಿಗೆ ಬಂದು ಸಾಕ್ಷಿ ಹೇಳುವುದಿಲ್ಲ.

ಪುಸ್ತಕದ ಬೆಲೆಯನ್ನೂ ನೋಡೋಣ. ಇಡೀ ಸಂಪುಟಮಾಲೆಗೆ ಮೊದಲು ಇಟ್ಟ ದರ ೩,೦೦೦ ಡಾಲರು. ೧೯೧೪ರಲ್ಲಿ ಫೋರ್ಡ್ ಕಾರ್ಖಾನೆ ದಿನಕ್ಕೆ ೫ ಡಾಲರು ಕೊಡುತ್ತೇವೆಂದಾಗ ಅದೇ ಲೋಕಪ್ರಸಿದ್ಧ ಸುದ್ದಿಯಾಯಿತು. ಆ ಕೂಲಿಯ ಲೆಕ್ಕದಲ್ಲೂ ೬೦೦ ದಿನದ ಬೆವರು! ಫೋಟೋದಲ್ಲಿ ಇದ್ದವರ ಮನೆಗೆ ಆ ಪುಸ್ತಕ ಹೋಗುವ ಬಗೆ ಎಂತು?

ಈ ಕೆಲಸದಲ್ಲಿ ದುಡಿದವರ ಕಥೆಯೂ ಇದೆ. ಕ್ರೋ ಬುಡಕಟ್ಟಿನ ಅಲೆಕ್ಸಾಂಡರ್ ಅಪ್‌ಷಾ ಎಂಬ ವಿದ್ಯಾವಂತ ಯುವಕ ಕರ್ಟಿಸ್ ಅವರಿಗೆ ದುಭಾಷಿಯಾಗಿ, ಸಹಾಯಕನಾಗಿ ದುಡಿದ. ಕೋಟು ಹಾಕುತ್ತಿದ್ದ ಆತನನ್ನೂ ಗರಿಯ ಕಿರೀಟ ತೊಡಿಸಿ ಬರಿಮೈಯಲ್ಲಿ ನಿಲ್ಲಿಸಿ ಚಿತ್ರ ತೆಗೆದರು. ೧೯೦೯ರಲ್ಲಿ ಆತ ಜೈಲಿನಲ್ಲಿ ಸತ್ತ. ಕರ್ಟಿಸ್ ಅವರಿಗಾದರೂ ಲಾಭವಾಯಿತೆ? ಮಾರ್ಗನ್ ಹಣದಲ್ಲಿ ಅವರಿಗೆ ಸಂಬಳವೇ ಇರಲಿಲ್ಲ. ಹಕ್ಕುಗಳು ಕೊನೆಗೆ ಮಾರ್ಗನ್ ಕಂಪನಿಯ ಪಾಲಾದವು. ೧೯೩೫ರಲ್ಲಿ ಅಚ್ಚಿನ ತಗಡುಗಳು, ಉಳಿದ ಪ್ರತಿಗಳು ಎಲ್ಲವೂ ೧,೦೦೦ ಡಾಲರು ಮತ್ತು ಒಂದು ಪಾಲಿನ ಕರಾರಿಗೆ ಬಾಸ್ಟನ್ನಿನ ಪುಸ್ತಕ ವ್ಯಾಪಾರಿಯೊಬ್ಬರಿಗೆ ಮಾರಾಟವಾದವು. ಮೂವತ್ತು ವರ್ಷ ಬೆಟ್ಟ ಬಯಲು ಅಲೆದು ದುಡಿದವರ ಕೈಗೆ ಬಂದದ್ದು ಸೊನ್ನೆ.

ಹಾಗಾದರೆ ಈ ಚಿತ್ರಗಳನ್ನು ಸುಟ್ಟುಬಿಡಬೇಕೆ? ನಾವು ಹಾಗೆ ಹೇಳುವವರಲ್ಲ. ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಮುಖ ಕಂಡದ್ದು ಕರ್ಟಿಸ್ ಅವರ ಚಿತ್ರಗಳಲ್ಲಿಯೇ. ಅವರು ಧ್ವನಿಮುದ್ರಿಸಿದ ಹಾಡುಗಳು ಇಂದಿಗೂ ಆ ಜನಕ್ಕೆ ಬೇಕಾಗಿವೆ. ಅವರ ಶ್ರಮಕ್ಕೂ ಪ್ರೀತಿಗೂ ನಾವು ತಲೆಬಾಗುತ್ತೇವೆ. ಆದರೆ ಅಳಿಯುತ್ತಾರೆ ಎಂಬ ಮಾತು ಸುಳ್ಳಾಯಿತು. ೧೯೦೦ರ ಜನಗಣತಿಯಲ್ಲಿ ಸುಮಾರು ೨,೩೭,೦೦೦ ಇದ್ದವರು, ೨೦೨೦ರ ಗಣತಿಯಲ್ಲಿ, ಅಲಾಸ್ಕದ ಮೂಲನಿವಾಸಿಗಳೂ ಸೇರಿ, ೩೭ ಲಕ್ಷ. ಮಿಶ್ರ ಮೂಲದವರನ್ನೂ ಕೂಡಿಸಿದರೆ ೯೭ ಲಕ್ಷ. ಅವರಲ್ಲೇ ಒಬ್ಬರಾದ ಮಟಿಕಾ ವಿಲ್ಬರ್ ಎಂಬ ಮಹಿಳೆ ೨೦೧೨ರಲ್ಲಿ ಕ್ಯಾಮರಾ ಹಿಡಿದು ಹೊರಟು, ಬುಡಕಟ್ಟುಗಳ ಇಂದಿನ ಮುಖಗಳನ್ನು ಚಿತ್ರಿಸಿ ೨೦೨೩ರಲ್ಲಿ ಪುಸ್ತಕವಾಗಿ ತಂದರು.

ಸಮುದ್ರದಾಚೆಯ ಈ ಕಥೆ ನಮ್ಮ ರಾಜ್ಯದ ಕಾಡಂಚಿಗೂ ಸಲ್ಲುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ಅವರ ಗೊರುಕನ ಕುಣಿತದ ಫೋಟೋ ನಮಗೆಲ್ಲ ಪರಿಚಿತ. ೧೯೭೪ರಲ್ಲಿ ಅವರ ಕಾಡು ವನ್ಯಧಾಮವಾಯಿತು. ಅವರ ಬೇಸಾಯ ನಿಂತಿತು, ಬೇಟೆ ನಿಂತಿತು, ಕಾಡಿಗೆ ಹಾಕುತ್ತಿದ್ದ ತರಗು ಬೆಂಕಿ ಅಪರಾಧವಾಯಿತು. ಆ ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತಾರೆ. ೨೦೦೬ರಲ್ಲಿ ಅರಣ್ಯಹಕ್ಕು ಕಾಯ್ದೆ ಬಂತು. ೨೦೧೧ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ವರ್ಷವೇ, ಪೋಡುಗಳ ಗ್ರಾಮಸಭೆಗಳು ಪಟ್ಟುಹಿಡಿದು ಸಾಮುದಾಯಿಕ ಹಕ್ಕುಪತ್ರ ಪಡೆದವು. ಅರ್ಜಿ ಬರೆದು, ನಕ್ಷೆ ಮಾಡಿ, ಸಭೆ ಸೇರಿ, ಠರಾವು ಮಾಡಿ ಗೆದ್ದರು. ಕುಣಿಯುವ ಸೋಲಿಗನ ಚಿತ್ರ ಎಲ್ಲರ ಕಣ್ಣಲ್ಲಿದೆ. ಅರ್ಜಿ ಹಿಡಿದು ಕಛೇರಿಯ ಮುಂದೆ ನಿಂತ ಸೋಲಿಗನ ಚಿತ್ರವನ್ನು ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೆ?

ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮರಾ ಇದೆ. ರಜೆಯಲ್ಲಿ ಕಾಡಿನ ಕಡೆ ಹೋಗುವವರಲ್ಲಿ ನಮ್ಮ ಗಿರಣಿಯ ಹುಡುಗರೂ ಪೇಟೆಯ ಮಿತ್ರರೂ ಇದ್ದಾರೆ. ಅವರಲ್ಲಿ ನಮ್ಮ ಬಿನ್ನಹ ಇಷ್ಟೆ. ಕೇಳಿ ಫೋಟೋ ತೆಗೆಯಿರಿ, ಬೇಡವೆಂದರೆ ಬಿಡಿ. ಹೆಸರು ಕೇಳಿ. ಒಂದು ಪ್ರತಿ ಅವರಿಗೂ ಮುಟ್ಟಿಸಿ. ಚಿತ್ರದಿಂದ ದುಡ್ಡು ಹುಟ್ಟಿದರೆ ಪಾಲು ಕೊಡಿ. ಗೋಡೆಯ ಮೇಲಿನ ಗಡಿಯಾರ, ಮೂಲೆಯಲ್ಲಿರುವ ಪ್ಲಾಸ್ಟಿಕ್ ಕೊಡ, ಮಗುವಿನ ಶಾಲೆಯ ಚೀಲ ಯಾವುದನ್ನೂ ಸರಿಸಬೇಡಿ. ಮತ್ತು ಹೊರಡುವ ಮುಂಚೆ ಹಕ್ಕುಪತ್ರ ಬಂತೆ ಎಂದು ವಿಚಾರಿಸಿ. ಬಂದಿಲ್ಲವೆಂದರೆ ಊರಿಗೆ ಬಂದು ಆ ಮಾತನ್ನು ಫೋಟೋದ ಜೊತೆಗೇ ನಾಲ್ಕು ಜನಕ್ಕೆ ಹೇಳಿ. ಗಿರಣಿಯ ಗಡಿಯಾರದ ಕೆಳಗೆ ದುಡಿದು, ಗಂಟೆಗಂಟೆಗೆ ಹೋರಾಡಿ ಎಂಟು ತಾಸಿನ ದುಡಿಮೆಯನ್ನು ಗೆದ್ದುಕೊಂಡ ವರ್ಗ ನಮ್ಮದು. ಇನ್ನೊಬ್ಬರ ಮನೆಯ ಗಡಿಯಾರವನ್ನು ಅಳಿಸುವ ಕೆಲಸಕ್ಕೆ ನಾವು ಕೈ ಹಾಕಬಾರದು.