ಭದ್ರಾನದಿಯ ಹೂಳು ಯಾರ ಲೆಕ್ಕದಲ್ಲಿ?

ಕುದುರೆಮುಖದಲ್ಲಿ ಗಣಿ ನಡೆದಿದ್ದ ಕಾಲಕ್ಕೆ, ಮಳೆಗಾಲದ ದೊಡ್ಡ ಮಳೆ ಬಿದ್ದಾಗ ಕಳಸ ಬಾಳೆಹೊನ್ನೂರುಗಳ ಬಳಿ ಭದ್ರಾನದಿಯು ಕೆಂಪಾಗಿ ಹರಿಯುತ್ತಿದ್ದುದನ್ನು ಕಣ್ಣಾರೆ ಕಂಡವರು ನಮ್ಮ ವಾಚಕರಲ್ಲಿ ಹಲವರಿರಬಹುದು. ಮಳೆಗಾಲದಲ್ಲಿ ಹೊಳೆಯು ಕೆಂಪಾಗುವದು ಸ್ವಾಭಾವಿಕವಲ್ಲವೇ, ಅದರಲ್ಲಿ ಗಣಿಯ ಪಾಲೆಷ್ಟು ಮಲೆಯ ಪಾಲೆಷ್ಟು ಎಂದು ಯಾರಾದರೂ ಕೇಳಿದ್ದರೆ, ದಂಡೆಯ ಮೇಲೆ ನಿಂತ ಒಕ್ಕಲಿಗನು ಏನೆಂದು ಉತ್ತರ ಕೊಟ್ಟಾನು? ಕಣ್ಣು ಬಣ್ಣವನ್ನು ಕಾಣುವದೇ ಹೊರತು ತೂಕವನ್ನು ಕಾಣದು. ತೂಗಬೇಕಾದವರು ಬೇರೆ. ಅವರು ಬಂದದ್ದು ಯಾವಾಗ, ಏನು ಕಂಡರು, ಅದರಿಂದ ನಾವು ಕಲಿತದ್ದೇನು ಎಂಬದನ್ನೇ ಈ ವಾರ ವಿಚಾರಿಸಬೇಕೆಂದಿರುವೆವು.

ಮೊದಲು ಕಲ್ಲಿನ ಮಾತು. ಕುದುರೆಮುಖದ ಕಬ್ಬಿಣದ ಕಲ್ಲು ಧಾರವಾಡ ಶಿಲಾಶ್ರೇಣಿಗೆ ಸೇರಿದ್ದು. ಈ ಹೆಸರನ್ನಿಟ್ಟವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಭೂಗರ್ಭಶಾಸ್ತ್ರಜ್ಞ. ಅವನು ಬೆಳಗಾವಿ, ಧಾರವಾಡ, ಕಲಾದಗಿಗಳ ಸೀಮೆಯನ್ನು ಸುತ್ತಿ 1876ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಇಟ್ಟ ಹೆಸರು ‘ದಕ್ಷಿಣ ಮರಾಠಾ ದೇಶದ’ ಭೂಗರ್ಭ ಲಕ್ಷಣಗಳು ಎಂದು! ಕನ್ನಡ ನೆಲಕ್ಕೆ ಅಂದಿನ ಸರಕಾರೀ ದಫ್ತರವು ಅಂಟಿಸಿದ್ದ ಹೆಸರನ್ನೇ ಅವನು ಬಳಸಿದನು. ಅದಕ್ಕಾಗಿ ಅವನೊಬ್ಬನನ್ನೇ ದೂರುವಂತಿಲ್ಲ. ಆದರೆ ಮುಂದಿನ ದಶಕದಲ್ಲಿ ಆ ಕಲ್ಲುಗಳಿಗೇ ಬೇರೆ ಹೆಸರು ಬೇಕಾದಾಗ ಅವನ ಲೇಖನಿಯಿಂದ ಬಂದದ್ದು ಧಾರವಾಡವೇ. ಇಂದು ಜಗತ್ತಿನ ಯಾವ ವಿಶ್ವವಿದ್ಯಾಲಯದಲ್ಲಿಯಾದರೂ ಪುರಾತನ ಶಿಲೆಗಳ ಮಾತು ಬಂದರೆ ನಮ್ಮ ಊರಿನ ಹೆಸರು ಬರುವದು. ಮುಂಬಯಿ ಇಲಾಖೆ, ಮದ್ರಾಸು ಇಲಾಖೆ, ನಿಜಾಮರ ಸಂಸ್ಥಾನ, ಮೈಸೂರು ಸಂಸ್ಥಾನ ಎಂದು ನಾವು ಹರಿದು ಹಂಚಿಹೋಗಿದ್ದ ಕಾಲದಲ್ಲಿಯೂ ಕಪ್ಪತಗುಡ್ಡ, ಸಂಡೂರು, ಹಟ್ಟಿ, ಚಿತ್ರದುರ್ಗ, ಬಾಬಾಬುಡನಗಿರಿಗಳಲ್ಲಿ ಇದೇ ಶ್ರೇಣಿಯ ಕಲ್ಲುಗಳೇ ಇದ್ದವು.

ಬಾಬಾಬುಡನಗಿರಿ ಕುದುರೆಮುಖಗಳ ಕಬ್ಬಿಣದ ಪದರುಗಳಿಗೆ ಸುಮಾರು 260ರಿಂದ 290 ಕೋಟಿ ವರುಷಗಳ ವಯಸ್ಸು. ಆಗಿನ ವಾತಾವರಣದಲ್ಲಿ ಪ್ರಾಣವಾಯುವು ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ಸಮುದ್ರದ ನೀರಿನಲ್ಲಿ ಕಬ್ಬಿಣವು ಕರಗಿಯೇ ಇರುತ್ತಿತ್ತು. ಅದು ಮರಳಿನ ಸತ್ವವಾದ ಸಿಲಿಕದೊಡನೆ ಪಟ್ಟೆಪಟ್ಟೆಯಾಗಿ ತಳಕ್ಕಿಳಿದು ಈ ಕಲ್ಲಾಯಿತು. ಇದರಲ್ಲಿ ನೂರಕ್ಕೆ ಸುಮಾರು 38 ಪಾಲು ಮಾತ್ರ ಕಬ್ಬಿಣ. ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ಯರು 1913ರಲ್ಲಿಯೇ ಇದನ್ನು ಗುರುತಿಸಿದ್ದರೂ ಬಹುಕಾಲ ಯಾರೂ ಅಗೆಯಲಿಲ್ಲ. 1969ರಲ್ಲಿ ಮೂವತ್ತು ವರುಷಗಳ ಗುತ್ತಿಗೆಯಾಯಿತು. 1975ರಲ್ಲಿ ಇರಾಣದೊಡನೆ ಒಪ್ಪಂದವಾಯಿತು. 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಇರಾಣದಲ್ಲಿ ಕ್ರಾಂತಿಯಾಗಿ ಮುಖ್ಯ ಗಿರಾಕಿಯೇ ಹಿಂದೆ ಸರಿದನು. ಗುಡ್ಡವನ್ನು ಕಡಿಯುವ ಸಿದ್ಧತೆ ಮಾತ್ರ ಹಿಂದೆ ಸರಿಯಲಿಲ್ಲ. ವರುಷಕ್ಕೆ 75 ಲಕ್ಷ ಟನ್ ಅದಿರಿನ ಹುಡಿಯನ್ನು ತೆಗೆಯುವ ಹವಣಿಕೆಯಿಂದ ಕಟ್ಟಿದ ಕಾರಖಾನೆಯದು. ಕಲ್ಲನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಕಬ್ಬಿಣ ತೆಗೆದುಳಿದ ಹುಡಿಯು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಕಟ್ಟಿದ ಒಡ್ಡಿನ ಹಿಂದೆ ಉಳಿಯಿತು.

ಈ ಅಗೆತವು ನಡೆದದ್ದೆಲ್ಲಿ? ತುಂಗಾ, ಭದ್ರಾ, ನೇತ್ರಾವತಿಗಳು ಮೂರೂ ಹುಟ್ಟುವ ಮಲೆಯ ನೆತ್ತಿಯಲ್ಲಿ. ವರುಷಕ್ಕೆ 6,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಡೆ. ಅಲ್ಲಿಯ ಬೋಳು ಹುಲ್ಲುಗುಡ್ಡಗಳನ್ನು ನೋಡಿ ಅದು ನಿರುಪಯೋಗಿ ನೆಲವೆಂದು ಎಣಿಸಿದ ಅಧಿಕಾರಿಗಳು ಎಷ್ಟು ಮಂದಿಯೋ! ಆ ಹುಲ್ಲಿನ ಬೇರು ಹಿಡಿದ ಮಣ್ಣೂ ಕಣಿವೆಯ ಶೋಲಾ ಕಾಡೂ ಕೂಡಿ ಮಳೆಯ ನೀರನ್ನು ಕುಡಿದಿಟ್ಟುಕೊಂಡು ಬೇಸಗೆಯಲ್ಲಿ ಮೆಲ್ಲಗೆ ಬಿಡುವವು. ಲಕ್ಕವಳ್ಳಿಯ ಜಲಾಶಯದ ಕೆಳಗೆ ಭತ್ತ ಬೆಳೆಯುವ ದಾವಣಗೆರೆಯ ರೈತನ ಬಂಡವಾಳವು ಇರುವದು ಅಲ್ಲಿ.

ಇನ್ನು ಹೂಳನ್ನು ತೂಗುವ ಸಂಗತಿ. ಇದು ಸುಲಭವೆಂದು ತಿಳಿಯುವದು ತಪ್ಪು. ಇಂಥ ಹೊಳೆಯು ವರುಷವಿಡೀ ಹೊರುವ ಹೂಳಿನಲ್ಲಿ ಬಹುಪಾಲನ್ನು ಕೆಲವೇ ದಿನಗಳಲ್ಲಿ, ಎಷ್ಟೋ ಸಲ ಪ್ರವಾಹವೇರುವ ಕೆಲವೇ ತಾಸುಗಳಲ್ಲಿ ಹೊತ್ತು ಬಿಡುವದು. ತಿಂಗಳಿಗೊಮ್ಮೆ ಬಿಸಿಲು ನೋಡಿ ಹೋಗಿ ಬಾಟಲಿ ತುಂಬಿಕೊಂಡು ಬಂದವನಿಗೆ ಹೊಳೆಯು ನಿರ್ಮಲವಾಗಿಯೇ ತೋರುವದು. ಅವನ ವರದಿಯಲ್ಲಿ ಸುಳ್ಳಿನ ಒಂದಕ್ಷರವೂ ಇರದು, ಆದರೂ ವರದಿಯೆಲ್ಲ ಸುಳ್ಳು. ನಿಜವನ್ನು ತಿಳಿಯಬೇಕಾದವನು ಜಡಿಮಳೆಯಲ್ಲಿ, ಜಿಗಣೆ ಕಡಿಸಿಕೊಳ್ಳುತ್ತ, ರಾತ್ರಿಯೆನ್ನದೆ ಹೊಳೆಯ ಮಗ್ಗುಲಲ್ಲಿ ನಿಲ್ಲಬೇಕು. ನೀರಿನ ಎತ್ತರ, ವೇಗ, ಕದಡು ಮೂರನ್ನೂ ಒಟ್ಟಿಗೆ ಬರೆದುಕೊಳ್ಳಬೇಕು. ಜಗದೀಶ ಕೃಷ್ಣಸ್ವಾಮಿಯವರೂ ಅವರ ಸಂಗಡಿಗರೂ ಭದ್ರೆಯ ಹೂಳನ್ನು ಅಳೆದು 2006ರಲ್ಲಿ ಪ್ರಕಟಿಸಿದ ಪ್ರಬಂಧದ ತಾತ್ಪರ್ಯವಿಷ್ಟು: ಗಣಿಯು ಜಲಾನಯನದ ಅತ್ಯಲ್ಪ ಭಾಗವನ್ನು ಮಾತ್ರ ಆಕ್ರಮಿಸಿತ್ತು, ಆದರೆ ಹೂಳಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು.

ಅದೇ ಮಲೆಯಲ್ಲಿ ಇನ್ನೊಬ್ಬರು ಬೇರೊಂದನ್ನು ಹುಡುಕುತ್ತಿದ್ದರು. ಉಲ್ಲಾಸ ಕಾರಂತರು 1983-84ರಲ್ಲಿ ಸಿಂಗಳೀಕಗಳ ನೆಲೆಯನ್ನು ಕಾಡುಕಾಡು ಅಲೆದು ಶೋಧಿಸಿದರು. ಪಶ್ಚಿಮ ಘಟ್ಟದ ಹೊರತು ಲೋಕದಲ್ಲಿ ಮತ್ತೆಲ್ಲಿಯೂ ಸಹಜವಾಗಿ ಬಾಳದ ಕೋತಿಯದು. ನಿತ್ಯಹಸುರಿನ ಮರಗಳ ಮೇಲಿಂದ ಮೇಲೆಯೇ ಸಂಚರಿಸುವ ಪ್ರಾಣಿಯಾದದ್ದರಿಂದ ನೆತ್ತಿಯ ಹಂದರವು ತುಂಡಾದರೆ ಅದರ ಗುಂಪೂ ದ್ವೀಪದಲ್ಲಿ ಸಿಕ್ಕಿಕೊಂಡಂತೆಯೇ ಸರಿ. ಆ ಶೋಧದ ಫಲವಾಗಿ ಕುದುರೆಮುಖದ ಸುಮಾರು 600 ಚದರ ಕಿಲೋಮೀಟರು ಕಾಡನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಘೋಷಣೆಯು 1987ರಲ್ಲಿ ಹೊರಟಿತು. ಒಂದು ಕೋತಿಗಾಗಿ ಇಷ್ಟು ಗದ್ದಲವೇ ಎಂದು ನಕ್ಕರೆ ನಗಲಿ. ಕೋತಿ ಬದುಕುವ ಕಾಡೂ ಭದ್ರೆ ಹುಟ್ಟುವ ಕಾಡೂ ಒಂದೇ.

ಗುತ್ತಿಗೆಯು 1999ಕ್ಕೆ ತೀರಿತು. ಸುಪ್ರೀಮ್ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ನಾವು ಈ ತೀರ್ಪನ್ನು ಸ್ವಾಗತಿಸುವೆವು. ಆದರೂ ಅದರ ಬೆಲೆಯನ್ನು ಮರೆಮಾಚುವದು ನಮ್ಮಿಂದಾಗದು. ಒಂದು ಊರೇ ಬಹುಮಟ್ಟಿಗೆ ಬರಿದಾಯಿತು. ದುಡಿಯುವವರು ಗಂಟುಮೂಟೆ ಕಟ್ಟಿದರು. ಉದ್ಯಾನದ ಎಲ್ಲೆಯೊಳಗಿನ ಕುಟುಂಬಗಳು ಇಂದು ಎಬ್ಬಿಸುವರೋ ನಾಳೆ ಎಬ್ಬಿಸುವರೋ ಎಂದು ಕಾಲ ಕಳೆಯಬೇಕಾಯಿತು. ವಾಚಕರು ಮೇಲಿನ ಇಸವಿಗಳನ್ನು ಇನ್ನೊಮ್ಮೆ ನೋಡಲಿ. ಗುತ್ತಿಗೆ 1969ರಲ್ಲಿ, ಸಿಂಗಳೀಕದ ಶೋಧ 1983ರಲ್ಲಿ, ಹೂಳಿನ ಪ್ರಬಂಧವು ಗಣಿಯು ಮುಚ್ಚಿದ ಮೇಲೆ. ಶಿಲೆಯನ್ನು ಬಲ್ಲವರು, ನೀರನ್ನು ಬಲ್ಲವರು, ಪ್ರಾಣಿಗಳನ್ನು ಬಲ್ಲವರು ಗುತ್ತಿಗೆಗೆ ಸಹಿ ಬೀಳುವ ಮೊದಲೇ ಒಂದು ಮೇಜಿನ ಸುತ್ತ ಕುಳಿತಿದ್ದರೆ ಊರನ್ನು ಕಟ್ಟಿ ಕೆಡವುವ ಪ್ರಸಂಗವೇ ಬರುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಭದ್ರೆಯು ಕೂಡಲಿಯಲ್ಲಿ ತುಂಗೆಯನ್ನು ಸೇರಿ ಮುಂದೆ ಹರಿಯುವಾಗ, ಏಕೀಕರಣಕ್ಕೆ ಮೊದಲು, ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು ಎಂಬ ನಾಲ್ಕು ಆಡಳಿತಗಳ ನೆಲವನ್ನು ಮುಟ್ಟುತ್ತಿದ್ದಳು. ಮೂಡಿಗೆರೆಯ ಮಲೆಯಲ್ಲಿ ಆದದ್ದನ್ನು ಹೊಸಪೇಟೆಯವನು ಕೇಳಲು ಅಧಿಕಾರವಿರಲಿಲ್ಲ. 1956ರಿಂದ ಆ ನೆವವಿಲ್ಲ. ಮೂಲದಿಂದ ತುಂಗಭದ್ರೆಯ ಅಣೆಕಟ್ಟಿನವರೆಗೆ ಒಂದೇ ಸರಕಾರ, ಒಂದೇ ಭಾಷೆ. ಹಾಗಿದ್ದೂ ಈ ಹೊಳೆಯನ್ನು ಕುರಿತ ಮುಖ್ಯ ಪ್ರಬಂಧಗಳು ಇಂಗ್ಲಿಷಿನ ವಿದ್ವತ್ಪತ್ರಿಕೆಗಳಲ್ಲಿ ಉಳಿದಿರುವವು. ನೀರು ಕುಡಿಯುವವನಿಗೆ ನೀರಿನ ಲೆಕ್ಕ ಓದಲು ಬಾರದು.

ಲಕ್ಯಾ ಒಡ್ಡಿನ ಹಿಂದೆ ಆ ಹುಡಿಯು ಇನ್ನೂ ನಿಂತಿರುವದು. ಮೇಲೆ ಅದೇ ಮಳೆ ಸುರಿಯುತ್ತಿರುವದು. ಒಡ್ಡಿನ ಸ್ಥಿತಿಯನ್ನೂ ಕೆಳಗಿನ ಹೊಳೆಯ ಕದಡನ್ನೂ ಮಳೆಗಾಲದುದ್ದಕ್ಕೂ ಅಳೆದು, ಆ ಅಂಕಿಗಳನ್ನು ಕನ್ನಡದಲ್ಲಿ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿಗಳ ಪಂಚಾಯತಿ ಕಚೇರಿಯ ಗೋಡೆಗೆ ವಾರವಾರವೂ ಹಚ್ಚಬೇಕೆಂದು ನಾವು ಸರಕಾರವನ್ನು ಕೇಳುತ್ತೇವೆ. ಮುಂದಿನ ಮುಂಗಾರಿನಿಂದಲೇ ಇದನ್ನು ತೊಡಗಿಸಲು ಅಡ್ಡಿಯೇನೆಂಬದನ್ನು ಸಂಬಂಧಪಟ್ಟ ಮಂತ್ರಿಗಳು ತಿಳಿಸುವರೇ?