ದೊಡ್ಡ ಫ್ರಿಜ್ಜು, ಸಣ್ಣ ಸಂಬಳ

ನಮ್ಮ ಮನೆಗೆ ಹೊಸ ಫ್ರಿಜ್ಜು ಬಂದು ಐದು ತಿಂಗಳಾಯಿತು. ಎರಡು ಬಾಗಿಲಿನದು, 340 ಲೀಟರಿನದು. ಸಮಾಜವಾದಿಯ ಮನೆಯಲ್ಲಿ ಇಂಥ ಬೀರುವೇಕೆ ಎಂದು ಗೆಳೆಯರು ಕೇಳಿಯಾಗಿದೆ, ಗೇಲಿಯೂ ಮಾಡಿಯಾಗಿದೆ. ಉತ್ತರ ಕೊಡುವುದು ನಮ್ಮ ಕರ್ತವ್ಯವಾದ್ದರಿಂದ ಬರೆಯುತ್ತಿದ್ದೇವೆ.

ಫ್ರಿಜ್ಜು ಧನಿಕರ ವಿಲಾಸವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಎರಡನೆಯ ಪಾಳಿ ಮುಗಿಸಿ ನಡುರಾತ್ರಿ ಮನೆಗೆ ಬರುವವನಿಗೆ ಕೆಡದ ಸಾರು ಬೇಕು. ಬೆಳಗಿನ ಪಾಳಿಗೆ ಹೋಗುವ ಹೆಣ್ಣುಮಗಳಿಗೆ ಮುಂಚಿನ ದಿನ ರುಬ್ಬಿಟ್ಟ ಹಿಟ್ಟು ಹುಳಿಯಾಗದೆ ಉಳಿಯಬೇಕು. ಇನ್ಸುಲಿನ್ ಇಡಬೇಕಾದ ಮನೆಯ ಮಾತಂತೂ ಬೇಡವೇ ಬೇಡ. ನಮ್ಮ ತಕರಾರು ಪೆಟ್ಟಿಗೆಯ ಮೇಲಲ್ಲ, ಅದನ್ನು ಜನರ ಮೇಲೆ ಹೇರುವ ಕ್ರಮದ ಮೇಲೆ.

ಹಳೆಯದು ಒಂದೇ ಬಾಗಿಲಿನ 165 ಲೀಟರಿನ ಪೆಟ್ಟಿಗೆ. ಹದಿನೆಂಟು ವರ್ಷ ದುಡಿಯಿತು. ಅದು ಸತ್ತದ್ದು ಯಾವ ಮಹಾರೋಗದಿಂದ? ಬಾಗಿಲಿನ ರಬ್ಬರು ಪಟ್ಟಿ ಸೀಳಿತು, ಅಷ್ಟೆ. ಬಿಸಿ ಗಾಳಿ ಒಳನುಗ್ಗಿತು, ಮೇಲಿನ ಅರೆಯಲ್ಲಿ ಮಂಜು ಗಡ್ಡೆ ಕಟ್ಟಿತು, ಕಂಪ್ರೆಸರು ಹಗಲಿರುಳು ಓಡಿತು. ರಿಪೇರಿಯವರು ಊರೆಲ್ಲ ಹುಡುಕಿದರು. ಆ ಮಾಡೆಲ್ಲು ನಿಂತುಹೋಗಿದೆ, ಪಟ್ಟಿ ಬರುವುದಿಲ್ಲ ಎಂದು ಕಂಪನಿಯವರ ಉತ್ತರ. ಎರಡು ಮಾರು ರಬ್ಬರಿಗಾಗಿ ಉಕ್ಕಿನ ಪೆಟ್ಟಿಗೆಯೇ ಗುಜರಿಗೆ ಹೋಯಿತು! ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ಸಮಿತಿಯೊಂದನ್ನು ನೇಮಿಸಿತು, ಅದೇ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಸ್ವಾಮಿ, ಜಾಲತಾಣದಿಂದ ರಬ್ಬರು ಹುಟ್ಟುತ್ತದೆಯೆ? ಬಿಡಿಭಾಗ ಕೊಡದ ಕಂಪನಿಗೆ ದಂಡ ಹಾಕುವ ಕಾನೂನು ಬೇಕು.

ಅಂಗಡಿಗೆ ಹೋದೆವು. ಸಣ್ಣ ಪೆಟ್ಟಿಗೆಗಳು ಹಿಂದಿನ ಮೂಲೆಯಲ್ಲಿ, ದೊಡ್ಡವು ಬಾಗಿಲಲ್ಲಿ ದೀಪ ಹಚ್ಚಿಕೊಂಡು ನಿಂತಿದ್ದವು. ಹಳೆಯದನ್ನು ಕೊಟ್ಟರೆ ರಿಯಾಯಿತಿ, ಕಂತಿಗೆ ಬಡ್ಡಿಯಿಲ್ಲ, ಇದಕ್ಕೂ ಮೂರು ನಕ್ಷತ್ರ ಅದಕ್ಕೂ ಮೂರು ನಕ್ಷತ್ರ ಎಂದರು. ನಾವೂ ಮರುಳಾದೆವು. ಮನೆಗೆ ಬಂದ ಮೇಲೆ ಚೀಟಿ ಓದಿದೆವು: ವರ್ಷಕ್ಕೆ 240 ಯೂನಿಟ್. ಮೂಲೆಯಲ್ಲಿದ್ದ ಸಣ್ಣದರ ಚೀಟಿಯಲ್ಲಿ 140 ಇತ್ತು. ನಕ್ಷತ್ರ ಕೊಡುವುದು ಗಾತ್ರಕ್ಕೆ ಹೋಲಿಸಿ ಎಂಬುದನ್ನು ಅಂಗಡಿಯವರು ಹೇಳಲಿಲ್ಲ. ಹಳೆಯ ಪೆಟ್ಟಿಗೆ ಹೆಚ್ಚು ಕರೆಂಟು ತಿನ್ನುತ್ತಿತ್ತೆಂಬುದು ಸುಳ್ಳಲ್ಲ, ನಮ್ಮ ಬಿಲ್ಲು ತುಸು ಇಳಿದಿದೆ ಕೂಡ. ಆದರೆ ಇದೇ ಮೊದಲ ಸಲ ಫ್ರಿಜ್ಜು ಕೊಳ್ಳುವ ಕಾರ್ಮಿಕನ ಲೆಕ್ಕ ನೋಡಿ. 2023ರ ಜುಲೈಯಲ್ಲಿ ಬಂದ ಗೃಹಜ್ಯೋತಿಯಲ್ಲಿ ಉಚಿತ ಕರೆಂಟಿನ ಮಿತಿ 200 ಯೂನಿಟ್ ಎಂದು ಸಾರಿದರೂ, ಅವನವನ ಪಾಲಿಗೆ ಸಿಗುವುದು 2022-23ರ ತಿಂಗಳ ಸರಾಸರಿಯ ಮೇಲೆ ಸ್ವಲ್ಪ. ಆ ಸ್ವಲ್ಪವನ್ನು 2024ರ ಜನವರಿಯಲ್ಲಿ ಹತ್ತು ಯೂನಿಟ್ ಎಂದು ಗೊತ್ತುಮಾಡಿದರು. ದೊಡ್ಡ ಪೆಟ್ಟಿಗೆ ತಿಂಗಳಿಗೆ ಇಪ್ಪತ್ತು ಯೂನಿಟ್ ಎಳೆಯುತ್ತದೆ. ಮೊದಲ ತಿಂಗಳೇ ಮಿತಿ ಮೀರಿತು. ಸಣ್ಣದಾಗಿದ್ದರೆ ಹೆಚ್ಚು ಕಡಿಮೆ ಮಿತಿಯ ಅಂಚಿನಲ್ಲೇ ಉಳಿಯುತ್ತಿತ್ತು.

ಬಡ್ಡಿಯಿಲ್ಲದ ಕಂತಿನ ಬಗ್ಗೆ ಒಂದೇ ಮಾತು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಾವು ಕಟ್ಟಿದ ‘ಸೇವಾ ಶುಲ್ಕ’ದ ರಸೀದಿ ಇನ್ನೂ ಮೇಜಿನ ಮೇಲಿದೆ.

ಇನ್ನು ನಮ್ಮದೇ ತಪ್ಪು ಹೇಳುತ್ತೇವೆ. ಮುಂಚೆ ದಿನಾ ಬೆಳಿಗ್ಗೆ ತಳ್ಳುಗಾಡಿಯ ಅಮ್ಮನ ಹತ್ತಿರ ಎರಡು ಕಟ್ಟು ಸೊಪ್ಪು, ಕಾಲು ಕೆ.ಜಿ. ಬದನೆ ಕೊಳ್ಳುತ್ತಿದ್ದೆವು. ದೊಡ್ಡ ಪೆಟ್ಟಿಗೆ ಖಾಲಿ ಇದ್ದರೆ ಮನಸ್ಸು ತಡೆಯದು, ತುಂಬಬೇಕೆನ್ನಿಸುತ್ತದೆ. ಭಾನುವಾರ ದೊಡ್ಡ ಮಳಿಗೆಗೆ ಹೋಗಿ ವಾರದ್ದನ್ನೆಲ್ಲ ಒಟ್ಟಿಗೆ ತಂದೆವು. ಮೂರನೆಯ ವಾರ ಆಕೆ ಗಾಡಿ ನಿಲ್ಲಿಸಿ, “ಯಾಕ್ರೀ ಸರ್, ನಿಮ್ಮನೇಲಿ ಸೊಪ್ಪು ತಿನ್ನೋದು ಬಿಟ್ರಾ?” ಎಂದು ಕೇಳಿದಳು. ನಮಗೆ ಬಾಯಿ ಬರಲಿಲ್ಲ. ಗಿರಣಿ ಮುಚ್ಚಿದ ದಿನಗಳಲ್ಲಿ ಉದ್ದರಿ ಕೊಟ್ಟು ಕಾರ್ಮಿಕರನ್ನು ಬದುಕಿಸಿದ್ದು ಇಂಥವರೇ ಹೊರತು ಹವಾನಿಯಂತ್ರಿತ ಮಳಿಗೆಯಲ್ಲ. ಅದೂ ಅಲ್ಲದೆ ತಂದದ್ದರಲ್ಲಿ ಕಾಲು ಭಾಗ ಒಳಗೇ ಕೊಳೆಯಿತು. ಅದನ್ನು ತಂಪಾಗಿಡಲೂ ದುಡ್ಡು ಕೊಟ್ಟೆವು!

ಸಣ್ಣ ವ್ಯಾಪಾರಿಯ ಕಥೆ ಬೇರೆ. ಪಾನೀಯ ಕಂಪನಿಯವರು ಗಾಜಿನ ಬಾಗಿಲಿನ ಪೆಟ್ಟಿಗೆಯನ್ನು ಅವನ ಅಂಗಡಿಯಲ್ಲಿ ‘ಪುಕ್ಕಟೆ’ ಇಟ್ಟುಹೋಗುತ್ತಾರೆ. ಒಳಗೆ ಅವರದೇ ಬಾಟಲಿ ಇರಬೇಕು, ಮಜ್ಜಿಗೆಯನ್ನೋ ಊರಿನ ಸೋಡಾವನ್ನೋ ಇಡಕೂಡದು. ಕರೆಂಟಿನ ಬಿಲ್ಲು ಮಾತ್ರ ಅವನದು. ವಾಣಿಜ್ಯ ಮೀಟರಿಗೆ ಗೃಹಜ್ಯೋತಿಯೂ ಇಲ್ಲ.

ಕಾರ್ಖಾನೆ ಸರಕಿನ ಬೆಲೆ ಉತ್ಪಾದನೆಯ ಖರ್ಚಿನ ಒಂದೂವರೆ ಪಟ್ಟು ಮೀರಬಾರದೆಂದು ಲೋಹಿಯಾ ಹೇಳುತ್ತಿದ್ದರು. ಇಂದು ಫ್ರಿಜ್ಜಿನ ಖರ್ಚೆಷ್ಟು, ಲಾಭವೆಷ್ಟು ಎಂದು ಕೇಳುವವರೇ ಇಲ್ಲ. 2018ರ ಜುಲೈಯಲ್ಲಿ ಜಿ.ಎಸ್.ಟಿ.ಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಿದರು, ಸರಿ. ಆದರೆ ಕೂಲಿಕಾರನ 165 ಲೀಟರಿಗೂ ಮಾಲೀಕನ 600 ಲೀಟರಿಗೂ ಅದೇ 18 ಎಂಬುದು ಯಾವ ನ್ಯಾಯ? ಸಣ್ಣದರ ಮೇಲೆ ತೆರಿಗೆ ಇಳಿಯಬೇಕು. ಕಂಪನಿ ಹದಿನೈದು ವರ್ಷ ಬಿಡಿಭಾಗ ಕೊಡಬೇಕು. ನಕ್ಷತ್ರಕ್ಕಿಂತ ದೊಡ್ಡ ಅಕ್ಷರದಲ್ಲಿ ವರ್ಷದ ಯೂನಿಟ್ಟನ್ನು ಕನ್ನಡದಲ್ಲಿ ಅಚ್ಚು ಹಾಕಬೇಕು. ಕಾರ್ಮಿಕ ಸಂಘಗಳೂ ವರ್ತಕರ ಸಂಘವೂ ಕೂಡಿ ಈ ಮೂರನ್ನು ಮನವಿಯಾಗಿ ಬರೆದು ಜಿಲ್ಲಾಧಿಕಾರಿಗಳಿಗೆ ಮುಟ್ಟಿಸಲಿ. ಕರಡು ನಾವು ಬರೆದುಕೊಡುತ್ತೇವೆ.